ಓದಿಸಿ ಕೇಳಿದೆ, ಸರಿ ಇದೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಸ್ಟೆನೋಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಕಂಡಕಂಡವರ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಂಡು ಬಂದವಳು. ತನ್ನದೆಂದು ಒಂದು ಮಾತು ಆಡಿದ್ದನ್ನು ಆ ಕಚೇರಿಯ ಗೋಡೆಯೂ ಕೇಳಿರಲಿಲ್ಲ. ಆಡುವವರ ಬಾಯಿಗಿಂತ ಇವರ ಕೈಯೇ ಒಂದು ಹೆಜ್ಜೆ ಮುಂದೆ ಎಂದು ಜವಾನ ತಮಾಷೆ ಮಾಡುತ್ತಿದ್ದ. ತಮಾಷೆ ಏನು ಬಂತು, ನಿಜವೇ. ಈ ಕೆಲಸದಲ್ಲಿ ಪಳಗಿದ ಕೈ ಹಾಗೇ, ಮಾತಿನ ತಲೆ ಕಂಡರೆ ಬಾಲವನ್ನೂ ಬರೆದುಬಿಡುತ್ತದೆ.

ಆ ವರ್ಷ ಅವಳನ್ನು ಹಾಕಿದ್ದು ಹೊಸದೊಂದು ಸಮಿತಿಗೆ. ಕೈಮೀರಿದ ಹುಡುಗ ಹುಡುಗಿಯರನ್ನು ಇಟ್ಟುಕೊಂಡು ನಡತೆ ತಿದ್ದಿ ಕಳಿಸುತ್ತೇವೆ ಎಂದು ಬೋರ್ಡು ಹಾಕಿಕೊಂಡ ಖಾಸಗಿ ಕೇಂದ್ರಗಳಿವೆಯಲ್ಲ, ಜನ ಅವನ್ನು ತಿದ್ದುಮನೆ ಎನ್ನುತ್ತಾರೆ, ಅವುಗಳನ್ನು ನಿಷೇಧಿಸಬೇಕೋ ಇರಲು ಬಿಡಬೇಕೋ ಎಂದು ವರದಿ ಕೊಡುವ ಸಮಿತಿ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಒಳ್ಳೆಯವರೇ, ಊಟವಾದ ಮೇಲೆ ಕೊಂಚ ತೂಕಡಿಸುವವರು ಅಷ್ಟೆ. ಮಕ್ಕಳ ಗುಟ್ಟು ಹೊರಬೀಳಬಾರದೆಂದು ಧ್ವನಿಮುದ್ರಣ ಬೇಡ ಎಂದಿದ್ದರು. ಹಾಗಾಗಿ ಸ್ಟೆನೋಮ್ಮ ಬರೆದದ್ದೇ ಮಾತು. ಇವತ್ತು ಬರೆದುಕೊಂಡದ್ದನ್ನು ಸಂಜೆ ಟೈಪು ಮಾಡಿ, ಮಾರನೆಯ ಬೆಳಿಗ್ಗೆ ಸಾಕ್ಷಿಯ ಎದುರು ಗಟ್ಟಿಯಾಗಿ ಓದಬೇಕು. ಸಾಕ್ಷಿ ಕೇಳಿಸಿಕೊಂಡು ‘ಓದಿಸಿ ಕೇಳಿದೆ, ಸರಿ ಇದೆ’ ಎಂದು ಕೆಳಗೆ ಬರೆದು ಸಹಿ ಹಾಕಬೇಕು. ಸಹಿ ಬಿತ್ತೆಂದರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಅಳಿಸುವಂತಿಲ್ಲ.

ಈ ವಿಷಯದಲ್ಲಿ ನಿಮಗೇನಾದರೂ ಸಂಬಂಧವಿದೆಯೇ ಎಂದು ಸದಸ್ಯರಿಂದೆಲ್ಲ ಮೊದಲೇ ಬರೆಸಿಕೊಂಡಿದ್ದರು. ಸ್ಟೆನೋಮ್ಮನನ್ನು ಯಾರೂ ಕೇಳಲಿಲ್ಲ. ಮೇಜು ಕುರ್ಚಿಗಳನ್ನು ಯಾರಾದರೂ ಕೇಳುತ್ತಾರೆಯೇ? ಕೇಳಿದ್ದರೆ ಅವಳು ಹೇಳಬೇಕಾಗುತ್ತಿತ್ತು: ಇದೆ ಸ್ವಾಮಿ, ನನ್ನ ಒಬ್ಬಳೇ ಮಗಳು ನಾಲ್ಕು ತಿಂಗಳಿಂದ ಅಂಥದ್ದೊಂದು ಮನೆಯಲ್ಲಿದ್ದಾಳೆ, ಕೈಯಾರೆ ಕಳಿಸಿದವಳು ನಾನೇ.

ಮಗಳಿಗೆ ಹದಿನಾರು. ಮನೆಯಲ್ಲಿ ಅವಳಿಗೆ ಸಿಡುಕಿ ಎಂದೇ ಹೆಸರು. ಅಪ್ಪ ಇಲ್ಲದ ಮಗು ಎಂದು ತಲೆಯ ಮೇಲೆ ಕೂರಿಸಿಕೊಂಡು ಸಾಕಿದ್ದಾಯಿತು. ಕೂಸು ತಲೆಯಿಂದ ಇಳಿಯಲೇ ಇಲ್ಲ. ಬಾ ಎಂದರೆ ಹೋಗುತ್ತಾಳೆ, ಹೋಗು ಎಂದರೆ ಅಲ್ಲೇ ಕೂರುತ್ತಾಳೆ. ಶಾಲೆ ಬಿಟ್ಟಳು. ಯಾರ ಜೊತೆಗೋ ಎರಡು ಸಲ ಮನೆಯನ್ನೇ ಬಿಟ್ಟಳು. ಎರಡನೆಯ ಸಲ ಪೊಲೀಸರು ಕರೆತಂದು ಬಿಟ್ಟಾಗ, ಅಮ್ಮನ ಮುಖದ ಮೇಲೇ ಕೋಣೆಯ ಬಾಗಿಲು ಬಡಿದಳು. ಅಮ್ಮನ ಬಲಗೈ ಬೆರಳು ಸಂದಿಗೆ ಸಿಕ್ಕಿ ಎರಡು ವಾರ ಪೆನ್ನು ಹಿಡಿಯಲಾಗಲಿಲ್ಲ. ಆಗ ಸ್ಟೆನೋಮ್ಮನ ಅಣ್ಣ ಬಂದು ಮನೆಯಲ್ಲಿ ಕೂತ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದ. ತನಗೆ ಗೊತ್ತಿದ್ದವರ ಮಗನೊಬ್ಬ ಆ ಕೇಂದ್ರಕ್ಕೆ ಹೋಗಿ ಬಂದು ಈಗ ಕೂತ್ಕೋ ಅಂದರೆ ಕೂರುತ್ತಾನೆ ಎಂದ. ಇವತ್ತು ಬೆರಳು, ನಾಳೆ ಕುತ್ತಿಗೆ ಎಂದೂ ಅಂದ. ಮಾತು ಕಟುವಾದರೂ ಸುಳ್ಳೆಂದು ಹೇಳಲು ಅವಳಿಗೆ ಧೈರ್ಯವಾಗಲಿಲ್ಲ.

ಆರು ತಿಂಗಳು ನೋಡುವಂತಿಲ್ಲ, ಫೋನು ಮಾಡುವಂತಿಲ್ಲ, ತಿಂಗಳಿಗೊಂದು ಕಾಗದ ಬರುತ್ತದೆ ಎಂದು ಕೇಂದ್ರದವರು ಹೇಳಿದರು. ಮಗಳನ್ನು ಬಿಟ್ಟು ಬಂದ ದಿನ ಸ್ಟೆನೋಮ್ಮ ಮಲಗಿದವಳು ಬೆಳಗಿನ ತನಕ ಒಂದೇ ನಿದ್ದೆ ಮಾಡಿದಳು. ವರ್ಷಗಳಿಂದ ಅಂಥ ನಿದ್ದೆ ಬಂದಿರಲಿಲ್ಲ. ಅದನ್ನು ನೆನೆದಾಗೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

ವಿಚಾರಣೆಯ ಮೊದಲ ವಾರವೆಲ್ಲ ದೊಡ್ಡವರು ಬಂದರು. ಒಬ್ಬ ಮೆಕ್ಯಾನಿಕ್ಕು, ನಿಷೇಧ ಮಾಡಿದರೆ ನಮ್ಮಂಥವರು ಎಲ್ಲಿಗೆ ಹೋಗೋಣ, ನನ್ನ ಮಗ ಚರಂಡಿ ಪಕ್ಕ ಸೂಜಿ ಚುಚ್ಚಿಕೊಂಡು ಸತ್ತೇ ಹೋಗುತ್ತಿದ್ದ, ಅವರು ಉಳಿಸಿದರು ಎಂದು ಕೈಮುಗಿದು ಹೇಳಿದ. ಮರುದಿನ ಒಬ್ಬಳು ದರ್ಜಿ ಹೆಂಗಸು ಬಂದು, ನನ್ನ ಮಗಳನ್ನೂ ಉಳಿಸಿದ್ದಾರೆ, ಆದರೆ ಏನನ್ನು ಉಳಿಸಿದ್ದಾರೋ ನನಗೆ ಗೊತ್ತಾಗುತ್ತಿಲ್ಲ ಎಂದಳು. ಸ್ಟೆನೋಮ್ಮ ಎರಡನ್ನೂ ಬರೆದುಕೊಂಡಳು. ಬರೆಯುವವಳಿಗೆ ಈ ಕಡೆ ಆ ಕಡೆ ಎಂಬುದಿಲ್ಲ.

ಎರಡನೆಯ ವಾರ ಮಕ್ಕಳು ಬಂದರು. ಬಂದದ್ದು ಸಿಡುಕಿ ಇದ್ದ ಕೇಂದ್ರದಿಂದಲೇ. ವ್ಯಾನಿನಿಂದ ಹನ್ನೊಂದು ಮಕ್ಕಳು ಇಳಿದರು. ಕಿಟಕಿಯ ಹತ್ತಿರ ನಿಂತು ಸ್ಟೆನೋಮ್ಮ ಒಂದೊಂದೇ ಮುಖ ನೋಡಿದಳು. ಮಗಳಿರಲಿಲ್ಲ. ಆರು ತಿಂಗಳು ತುಂಬಿದವರನ್ನು ಮಾತ್ರ ತಂದಿದ್ದರಂತೆ. ಮಕ್ಕಳ ಹಿಂದೆ ಕೇಂದ್ರದ ಯಜಮಾನರು ಬಂದರು. ಸಣ್ಣ ದನಿಯ ಮನುಷ್ಯ, ಎಷ್ಟು ಸಣ್ಣ ದನಿಯೆಂದರೆ ಅವರು ಮಾತಾಡುವಾಗ ಎದುರಿದ್ದವರೆಲ್ಲ ತಾವಾಗಿ ಮುಂದಕ್ಕೆ ಬಾಗುತ್ತಿದ್ದರು. ಮಕ್ಕಳು ವಿಚಾರಣೆಯ ಕೋಣೆಯೊಳಗೆ ಬಂದು ಬಾಗಿಲ ಬಳಿ ನಿಂತರು. ಕುರ್ಚಿಗಳು ಖಾಲಿಯಿದ್ದವು, ಆದರೂ ಯಾರೂ ಕೂರಲಿಲ್ಲ. ಯಜಮಾನರು ತಲೆಯಾಡಿಸಿದ ಮೇಲೆ ಹನ್ನೊಂದು ಜನರೂ ಒಟ್ಟಿಗೆ ಕೂತರು.

ಮೊದಲನೆಯವನು ಎದ್ದು ನಿಂತು ಹೇಳಿದ:

“ಮೊದಲು ನಾನು ಯಾರ ಮಾತೂ ಕೇಳ್ತಿರ್ಲಿಲ್ಲ. ಈಗ ಕೇಳೋದು ಕಲ್ತಿದ್ದೀನಿ. ನಾನಿಲ್ಲಿ ಚೆನ್ನಾಗಿದ್ದೀನಿ.”

ಸ್ಟೆನೋಮ್ಮನ ಕೈಚೀಲದಲ್ಲಿದ್ದ ಮಗಳ ನಾಲ್ಕು ಕಾಗದಗಳಲ್ಲೂ ಇದ್ದದ್ದು ಇದೇ ಮೂರು ಸಾಲು. ಓದಿ ಸಂತೋಷಪಟ್ಟು, ಅಣ್ಣನಿಗೂ ಓದಿ ಹೇಳಿದ್ದಳು. ಇರಲಿ, ಶಾಲೆಯಲ್ಲೂ ಮಕ್ಕಳು ಒಂದೇ ಥರ ಕಾಗದ ಬರೆಯುತ್ತಾರಪ್ಪ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬರೆದಳು. ಎರಡನೆಯವಳು ಎದ್ದಳು. ಅದೇ ಮೂರು ಸಾಲು. ‘ಯಾರ ಮಾತೂ’ ಎಂದ ಮೇಲೆ ಮೊದಲನೆಯವನು ಉಸಿರೆಳೆದುಕೊಂಡಿದ್ದ. ಇವಳೂ ಅಲ್ಲೇ ಎಳೆದುಕೊಂಡಳು. ಬೇರೆಯವರಿಗೆ ಅದು ತಿಳಿಯುತ್ತಿರಲಿಲ್ಲ. ಸ್ಟೆನೋಮ್ಮನಿಗೆ ತಿಳಿಯಿತು, ಯಾಕೆಂದರೆ ಜನ ಉಸಿರೆಳೆಯುವಾಗಲೇ ಅವಳ ಪೆನ್ನು ಕಾಗದದಿಂದ ಏಳುವುದು.

ಅಧ್ಯಕ್ಷರಿಗೂ ಏನೋ ಇರುಸುಮುರುಸಾಗಿರಬೇಕು. ಮೂರನೆಯವನನ್ನು ತಡೆದು, ಇಲ್ಲಿ ಎಂದರೆ ಎಲ್ಲಪ್ಪ, ಈಗ ನೀನಿರುವುದು ನಮ್ಮ ಕಚೇರಿಯಲ್ಲವೇ ಎಂದು ನಗುತ್ತ ಕೇಳಿದರು. ಹುಡುಗ ಸುತ್ತ ಒಮ್ಮೆ ನೋಡಿದ. ಆಮೇಲೆ, ನಾನಿಲ್ಲಿ ಚೆನ್ನಾಗಿದ್ದೀನಿ ಎಂದು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದ.

ಶೀಘ್ರಲಿಪಿಯಲ್ಲಿ ಒಂದು ಪದ್ಧತಿಯುಂಟು. ಒಂದೇ ಮಾತು ಮೇಲಿಂದ ಮೇಲೆ ಬಂದರೆ ಅದಕ್ಕೊಂದು ಚಿಹ್ನೆ ಕಟ್ಟಿಕೊಂಡುಬಿಡುವುದು. ‘ಮಾನ್ಯ ಅಧ್ಯಕ್ಷರೇ’ ಎಂಬುದಕ್ಕೆ ಒಂದು ಗೀಟು, ‘ನನಗೆ ನೆನಪಿಲ್ಲ’ ಎಂಬುದಕ್ಕೆ ಒಂದು ಚುಕ್ಕೆ. ಸಾಕ್ಷಿಗಳು ಇವೆರಡನ್ನೇ ಹೆಚ್ಚಾಗಿ ಹೇಳುವುದು. ನಾಲ್ಕನೆಯ ಮಗು ಎದ್ದ ಹೊತ್ತಿಗೆ ಸ್ಟೆನೋಮ್ಮ ಆ ಮೂರು ಸಾಲಿಗೂ ಕೊಕ್ಕೆಯಂಥ ಒಂದು ಚಿಹ್ನೆ ಕಟ್ಟಿಕೊಂಡಿದ್ದಳು. ಆಮೇಲೆ ಕೆಲಸ ಸಲೀಸಾಯಿತು. ಮಗು ಏಳುತ್ತದೆ, ಹೆಸರು ಬರೆಯುವುದು, ಕೊಕ್ಕೆ ಹಾಕುವುದು.

ಏಳನೆಯವಳು ಸಣ್ಣ ಹುಡುಗಿ, ಹದಿನಾಲ್ಕು ಇದ್ದರೆ ಹೆಚ್ಚು. ಎದ್ದು ನಿಂತಳು. “ಮೊದಲು ನಾನು” ಎಂದಳು. ಅಷ್ಟಕ್ಕೇ ನಿಂತಿತು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ನಿಧಾನವಾಗಿ ಹೇಳಮ್ಮ ಎಂದರು ಅಧ್ಯಕ್ಷರು. ಉಳಿದ ಹತ್ತು ಮಕ್ಕಳೂ ನೆಲ ನೋಡುತ್ತಿದ್ದರು, ಮತ್ತು ಹತ್ತು ಜನರ ತುಟಿಗಳೂ ಸದ್ದಿಲ್ಲದೆ ಅವಳ ಬದಲು ಆ ಸಾಲುಗಳನ್ನು ಆಡುತ್ತಿದ್ದವು. ಹುಡುಗಿ ತಲೆಯೆತ್ತಿ ನೇರವಾಗಿ ಸ್ಟೆನೋಮ್ಮನ ಕಡೆ ನೋಡಿದಳು. ಬೇರೆ ಏನನ್ನೋ ಹೇಳಲು ಹೊರಟಿದ್ದಳು, ಅದಂತೂ ಖಂಡಿತ. ಯಜಮಾನರು ಮೆಲ್ಲಗೆ ಕೆಮ್ಮಿದರು. ಹುಡುಗಿ ಕೂತುಬಿಟ್ಟಳು.

ಮಕ್ಕಳು ಹೋಗುವಾಗ ಯಜಮಾನರು ಸ್ಟೆನೋಮ್ಮನ ಮೇಜಿನ ಬಳಿ ನಿಂತರು. ಇಷ್ಟು ಹೊತ್ತೂ ಗುರುತೇ ಇಲ್ಲದವರ ಹಾಗೆ ಇದ್ದವರು.

“ನಿಮ್ಮ ಮಗಳು ಬಹಳ ಬೇಗ ಕಲೀತಿದ್ದಾಳೆ ತಾಯಿ,” ಎಂದರು. ಕೇಳಿಸಿಕೊಳ್ಳಲು ಅವಳೂ ಮುಂದಕ್ಕೆ ಬಾಗಿದಳು.

ಸಂಜೆ ಎಂದಿನಂತೆ ಟೈಪು ಮಾಡಿದಳು. ಮನಸ್ಸು ಎಲ್ಲೋ, ಬೆರಳು ಎಲ್ಲೋ. ಹನ್ನೊಂದು ಹಾಳೆ, ಹನ್ನೊಂದು ಹೆಸರು. ಮುಗಿಸಿ, ಬೀರುವಿನಲ್ಲಿಟ್ಟು ಮನೆಗೆ ಹೋದಳು.

ಬೆಳಿಗ್ಗೆ ಮಕ್ಕಳು ಸಹಿ ಹಾಕಲು ಸಾಲಾಗಿ ಬಂದರು. ಸ್ಟೆನೋಮ್ಮ ಒಂದೊಂದೇ ಹಾಳೆ ಗಟ್ಟಿಯಾಗಿ ಓದಿದಳು. ಏಳನೆಯದನ್ನೂ ಓದಿದಳು: ಮೊದಲು ನಾನು ಯಾರ ಮಾತೂ ಕೇಳುತ್ತಿರಲಿಲ್ಲ, ಈಗ ಕೇಳುವುದನ್ನು ಕಲಿತಿದ್ದೇನೆ, ನಾನಿಲ್ಲಿ ಚೆನ್ನಾಗಿದ್ದೇನೆ. ಓದಿ ಮುಗಿಸಿ ತಲೆಯೆತ್ತಿದಾಗ ಎದುರಿಗೆ ನಿಂತಿದ್ದವಳು ಆ ಸಣ್ಣ ಹುಡುಗಿ. ಆಗ ಹೊಳೆಯಿತು. ನೋಟ್‌ಪುಸ್ತಕ ತೆಗೆದು ನೋಡಿದರೆ ಹುಡುಗಿಯ ಹೆಸರಿನ ಮುಂದೆ ದುಂಡಗೆ, ಮುದ್ದಾಗಿ, ಕೊಕ್ಕೆ ಕೂತಿತ್ತು. ಹುಡುಗಿ ಬಾಯಿ ತೆರೆದು ನಿಂತಿದ್ದ ಹೊತ್ತಿನಲ್ಲಿ ಕೈ ತನ್ನಷ್ಟಕ್ಕೆ ತಾನು ಬರೆದುಬಿಟ್ಟಿತ್ತು. ಬರೆದ ನೆನಪೇ ಅವಳಿಗಿರಲಿಲ್ಲ. ಮೂವತ್ತು ವರ್ಷದಲ್ಲಿ ಆಡದ ಮಾತನ್ನು ಬರೆದದ್ದು ಇದೇ ಮೊದಲು.

ಅಷ್ಟರಲ್ಲಿ ಹುಡುಗಿ ಪೆನ್ನು ಎತ್ತಿಕೊಂಡು, ‘ಓದಿಸಿ ಕೇಳಿದೆ, ಸರಿ ಇದೆ’ ಎಂದು ಬರೆದು ಸಹಿ ಹಾಕುತ್ತಿದ್ದಳು.

“ತಡಿ ಪುಟ್ಟಾ,” ಎಂದಳು ಸ್ಟೆನೋಮ್ಮ. “ನೀನು ಹೀಗೆ ಹೇಳ್ಲೇ ಇಲ್ಲ. ನಾನು ತಪ್ಪು ಬರ್ದಿದ್ದೀನಿ.”

“ಹೇಳ್ದೆ ಮೇಡಂ,” ಎಂದಳು ಹುಡುಗಿ. “ನೀವು ಬರ್ದಿದ್ದೀರಲ್ಲ.”

ಸ್ಟೆನೋಮ್ಮ ಹಾಳೆ ಹಿಡಿದು ನೇರ ಅಧ್ಯಕ್ಷರ ಕೋಣೆಗೆ ನುಗ್ಗಿದಳು. ಅವರು ಕರೆಯದೆ ಆ ಬಾಗಿಲನ್ನು ಅವಳು ತಳ್ಳಿದ್ದು ಅವತ್ತೇ ಮೊದಲು. ನಡೆದದ್ದನ್ನು ಹೇಳಿದಳು, ನೋಟ್‌ಪುಸ್ತಕ ತೋರಿಸಿದಳು. ಅಧ್ಯಕ್ಷರು ಹುಡುಗಿಯನ್ನು ಕರೆಸಿ ಕೇಳಿದರು. ಹೇಳಿದ್ದೆ ಸರ್, ಎಂದಿತು ಮಗು. ನಿಮಗೇನಾದರೂ ನೆನಪಿದೆಯೇ ಎಂದು ಸ್ಟೆನೋಮ್ಮ ಅಧ್ಯಕ್ಷರನ್ನೇ ಕೇಳಿದಳು. ಅವರು ಮುಜುಗರದಿಂದ ಕನ್ನಡಕ ಒರೆಸಿಕೊಂಡರು. ಎಲ್ಲ ಮಕ್ಕಳೂ ಅದನ್ನೇ ಹೇಳಿದ ಹಾಗಿತ್ತಲ್ಲಮ್ಮ ಎಂದರು. ಮೂವತ್ತು ವರ್ಷ ತಪ್ಪದ ಕೈ ಈಗ ಯಾಕೆ ತಪ್ಪೀತು, ದಣಿದಿದ್ದೀರಿ, ಎರಡು ದಿನ ರಜೆ ಹಾಕಿ ಎಂದೂ ಅಂದರು. ಜೀವಮಾನವಿಡೀ ಗಳಿಸಿದ ಒಳ್ಳೆಯ ಹೆಸರು ಬೇಕಾದ ಹೊತ್ತಿನಲ್ಲಿ ಹೀಗೆ ಕುತ್ತಿಗೆಗೆ ಬಂತು.

ಆದರೆ ಅವಳಿಗೆ ಆಗ ಸಮಿತಿಯ ಚಿಂತೆ ಅರ್ಧ, ಇನ್ನರ್ಧ ಬೇರೆಯೇ. ಆ ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಮೂರು ತಾಸು ಕೂತಿದ್ದಕ್ಕೆ ತನ್ನ ಕೈ ಪಾಠ ಒಪ್ಪಿಸಿತು. ಐವತ್ತರ ಹತ್ತಿರದ, ಬಲಿತ ಕೈ. ನಾಲ್ಕು ತಿಂಗಳಿಂದ ಅಲ್ಲೇ ಉಣ್ಣುತ್ತ, ಅಲ್ಲೇ ಮಲಗುತ್ತ ಇರುವ ಹದಿನಾರರ ಹುಡುಗಿಯ ಗತಿಯೇನು? ಈ ಯೋಚನೆ ಬಂದಮೇಲೆ ಅವಳಿಗೆ ನಿಲ್ಲಲಾಗಲಿಲ್ಲ. ಹಾಳೆಯ ಅಂಚಿನಲ್ಲಿ, ಈ ಮಾತು ಸಾಕ್ಷಿ ಆಡಿದ್ದಲ್ಲ, ನನ್ನ ಕೈ ಬರೆದದ್ದು, ನನ್ನ ಮಗಳೂ ಅದೇ ಕೇಂದ್ರದಲ್ಲಿದ್ದಾಳೆ ಎಂದು ಬರೆದು ಸಹಿ ಹಾಕಿ ಅಧ್ಯಕ್ಷರ ಮೇಜಿನ ಮೇಲಿಟ್ಟಳು. ಕೆಲಸಕ್ಕೆ ಸಂಚಕಾರ ಬಂದರೆ ಬರಲಿ. ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದಳು.

ಕೇಂದ್ರ ಊರಾಚೆ, ಸಿಮೆಂಟು ಗೋದಾಮಿನ ಪಕ್ಕ. ಒಳಗೆ ಅಷ್ಟು ಚೊಕ್ಕಟ, ಅಷ್ಟು ತಂಪು. ಮಗಳನ್ನು ಬಿಡಲು ಬಂದಾಗ ಈ ಚೊಕ್ಕಟ ಕಂಡೇ ಅವಳಿಗೆ ನೆಮ್ಮದಿಯಾಗಿದ್ದು. ಈಗ ನೋಡಿದರೆ ಕಾರಿಡಾರಿನುದ್ದಕ್ಕೂ ನೆಲದ ಮೇಲೆ ಹಳದಿ ಗೆರೆ ಎಳೆದಿತ್ತು, ಮಕ್ಕಳು ಅದರ ಮೇಲೇ ಹೆಜ್ಜೆ ಹಾಕಿ ಹೋಗುತ್ತಿದ್ದರು. ಬಾಗಿಲುಗಳಿಗೆ ಒಳಗಡೆ ಹಿಡಿಕೆಯಿರಲಿಲ್ಲ. ಅಷ್ಟು ಜನ ಮಕ್ಕಳಿದ್ದ ಕಟ್ಟಡದಲ್ಲಿ ಒಂದು ಪಾತ್ರೆ ಬಿದ್ದ ಸದ್ದಿಲ್ಲ, ಒಬ್ಬರು ಸೀನಿದ ಸದ್ದಿಲ್ಲ. ಮಗಳನ್ನು ಕರೆದೊಯ್ಯುತ್ತೇನೆ ಎಂದಾಗ ಮೇಜಿನ ಹಿಂದಿದ್ದ ಗುಮಾಸ್ತೆ ತುಂಬ ಮರ್ಯಾದೆಯಿಂದ ಒಂದು ಮುಚ್ಚಳಿಕೆ ಮುಂದಿಟ್ಟಳು. ನಮ್ಮ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೀರಿ, ಆಮೇಲೆ ನಮ್ಮನ್ನು ದೂರಬಾರದು ಎಂದಿತ್ತು ಅದರಲ್ಲಿ. ಸ್ಟೆನೋಮ್ಮ ಓದದೆ ಸಹಿ ಹಾಕಿದಳು.

ಸಿಡುಕಿ ಬಂದಳು. ಮೈಕೈ ತುಂಬಿಕೊಂಡಿದ್ದಳು. ಒಂದು ಗಾಯವಿಲ್ಲ, ಒಂದು ಗೀರಿಲ್ಲ. ಎಲ್ಲಾದರೂ ಬಾಸುಂಡೆ ಕಂಡೀತೆಂದು ಹೆದರಿಕೊಂಡೇ ಬಂದಿದ್ದ ತಾಯಿಗೆ, ಏನೂ ಕಾಣದಿದ್ದದ್ದು ಇನ್ನೂ ದೊಡ್ಡ ಹೆದರಿಕೆಯಾಯಿತು.

“ನಮಸ್ಕಾರ ಅಮ್ಮ. ಚೆನ್ನಾಗಿದ್ದೀರಾ?” ಎಂದಳು ಮಗಳು. ಹುಟ್ಟಿದಾಗಿನಿಂದ ಅಮ್ಮನನ್ನು ನೀನು ಎಂಬುದು ಬಿಟ್ಟು ಬೇರೆ ಮಾತಿನಿಂದ ಕರೆದವಳಲ್ಲ.

ಬಸ್ಸಿನಲ್ಲಿ ಸ್ಟೆನೋಮ್ಮ ಏನೆಲ್ಲ ಮಾಡಿ ನೋಡಿದಳು. ಕೂದಲು ಎಷ್ಟು ಅಸಹ್ಯವಾಗಿ ಕತ್ತರಿಸಿದ್ದಾರೆ ಎಂದಳು. ಹೌದು ಎಂದಳು ಮಗಳು. ನಿನ್ನ ಮಾವ ಹೇಳಿದ್ದೇ ಸರಿ, ನೀನು ಉದ್ಧಾರವಾಗುವವಳಲ್ಲ ಎಂದಳು. ಆ ಮಾತಿಗೆ ಮೊದಲಾದರೆ ಬಸ್ಸನ್ನೇ ತಲೆಕೆಳಗು ಮಾಡುತ್ತಿದ್ದವಳು, ಹೌದು ಎಂದಳು. ಹಾಗಾದರೆ ನಾನು ಹೇಳುವುದು ಸುಳ್ಳು ಅಲ್ಲವೇ ಎಂದರೆ ಅದಕ್ಕೂ ಹೌದು. ಜಗಳ ಕಾಯಲು ಹೊರಟವಳಿಗೆ ಎದುರಾಳಿಯೇ ಸಿಗಲಿಲ್ಲ.

ಮನೆಗೆ ಬಂದು ಬೀಗ ತೆಗೆದು, ಒಳಗೆ ಹೋಗಿ ನೀರು ತುಂಬಿಕೊಂಡು ಬಂದು ನೋಡಿದರೆ ಮಗಳು ಹೊಸ್ತಿಲಾಚೆ ನಿಂತಿದ್ದಳು. ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ತಾಗಿ ತಾಗದ ಹಾಗೆ. ಬಾ ಎನ್ನಲು ಬಾಯಿವರೆಗೆ ಬಂದ ಮಾತನ್ನು ಸ್ಟೆನೋಮ್ಮ ನುಂಗಿಕೊಂಡಳು. ನಾನು ಕರೆಯುವುದಿಲ್ಲ, ಅವಳ ಮನೆ, ಅವಳೇ ಬರಲಿ ಎಂದು ಹಟ ಹಿಡಿದು ಕುರ್ಚಿಯಲ್ಲಿ ಕೂತಳು. ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ಮೆಟ್ಟಿಲು ಹತ್ತುತ್ತಿದ್ದ ಪಕ್ಕದ ಮನೆಯಾಕೆ, ಯಾವಾಗ ಬಂದೆ, ಯಾಕೆ ಆಚೆ ನಿಂತಿದ್ದೀ ಎಂದು ಕೇಳಿದ್ದು ಒಳಗೆ ಕೇಳಿಸಿತು. “ಇನ್ನೂ ಹೇಳಿಲ್ಲ ಆಂಟಿ,” ಎಂದಳು ಸಿಡುಕಿ. ಒಂದು ತಾಸಿನ ಮೇಲೆ ಅವಳ ಮೊಣಕಾಲು ನಡುಗತೊಡಗಿತು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಹೆತ್ತ ಕರುಳು ಎಷ್ಟು ಹೊತ್ತು ತಡೆದೀತು?

“ಬಾರೇ ಒಳಗೆ,” ಎಂದಳು ತಾಯಿ. ಮಗಳು ಬಂದಳು.

ಕೂತ್ಕೋ ಎಂದಾಗ ಕೂತಳು. ಉಣ್ಣು ಎಂದಾಗ ಉಂಡಳು. ಇನ್ನೂ ಬೇಕಾ ಎಂದರೆ, ನೀವು ಹೇಳಿದಷ್ಟು ಎಂದಳು. ಕೈ ತೊಳೆದುಕೋ, ಚಪ್ಪಲಿ ಅಲ್ಲಿಡು, ಫ್ಯಾನು ಹಾಕಿಕೋ. ಹೇಳಿ ಹೇಳಿ ಸ್ಟೆನೋಮ್ಮನಿಗೆ ತನ್ನ ದನಿಯೇ ಸಣ್ಣದಾಗುತ್ತಿರುವುದು ಗಮನಕ್ಕೆ ಬಂತು. ಮಗಳು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗುತ್ತಿದ್ದಳು. ಅದನ್ನು ಕಂಡದ್ದೇ ತಡ, ಅವಳು ಮಗಳ ಮುಂದೆ ನೆಲದ ಮೇಲೆ ಕುಸಿದು ಕೂತಳು.

“ತಪ್ಪಾಯ್ತು ಕಣೇ,” ಎಂದಳು. “ನಿದ್ದೆ ಬೇಕಿತ್ತು ನಂಗೆ, ಅದಕ್ಕೇ ಕಳಿಸ್ಬಿಟ್ಟೆ. ನನ್ನ ಬಯ್ಯೇ. ಬಾಯಿಗೆ ಬಂದ ಹಾಗೆ ಬಯ್ಯಿ.”

ಮಗಳು ಅವಳ ಮುಖವನ್ನೇ ನೋಡಿದಳು. “ಏನಂತ ಬಯ್ಯಲಿ ಅಮ್ಮ? ಹೇಳಿ.”

“ಏನೂ ಬೇಡ. ಅತ್ತಾದ್ರೂ ಬಿಡು ನನ್ನ ತಾಯಿ. ಅಳು.”

ಸಿಡುಕಿ ಅತ್ತಳು. ತಡವಿಲ್ಲದೆ ಕಣ್ಣು ತುಂಬಿತು, ಭುಜ ಅದುರಿತು. ಸ್ಟೆನೋಮ್ಮ ಮಗಳನ್ನು ಬಾಚಿ ತಬ್ಬಿಕೊಂಡಳು. ಅಬ್ಬ, ಬದುಕಿದೆ, ಒಳಗೆ ಇದ್ದಾಳೆ ನನ್ನ ಮಗಳು ಎಂದು ತಾನೂ ಅತ್ತಳು. ಒಂದಷ್ಟು ಹೊತ್ತು ಹಾಗೇ ಹೋಯಿತು. ಆಮೇಲೆ ಅವಳ ಕಿವಿ, ಮೂವತ್ತು ವರ್ಷ ಬರೀ ಕೇಳಿಯೇ ಬದುಕಿದ ಕಿವಿ, ಬೇಡವೆಂದರೂ ಎಣಿಸತೊಡಗಿತು. ಬಿಕ್ಕು, ಬಿಕ್ಕು, ಉಸಿರು. ಬಿಕ್ಕು, ಬಿಕ್ಕು, ಉಸಿರು. ಏರಿಲ್ಲ, ಇಳಿತವಿಲ್ಲ. ಮೆಲ್ಲಗೆ ಹಿಂದೆ ಸರಿದು ನೋಡಿದಳು. ನೀರು ಸುರಿಯುತ್ತಿದ್ದ ಮಗಳ ಕಣ್ಣು ಅಮ್ಮನ ಬಾಯಿಯ ಮೇಲೇ ನೆಟ್ಟಿತ್ತು.

ಒಂದು ಮಾತು ಹೇಳಿದರೆ ನಿಲ್ಲಿಸುತ್ತಾಳೆ, ನಲ್ಲಿ ತಿರುಗಿಸಿದ ಹಾಗೆ. ಅದು ಸ್ಟೆನೋಮ್ಮನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದ್ದರಿಂದಲೇ ಆ ಮಾತು ಹೊರಡದಂತೆ ಹಲ್ಲು ಕಚ್ಚಿ ಹಿಡಿದಳು. ಹುಡುಗಿ ಅಳುತ್ತಲೇ ಇದ್ದಳು. ದನಿ ಒಡೆಯಿತು, ಮೂಗು ಸೋರಿತು, ಬಿಕ್ಕಳಿಕೆ ಹತ್ತಿತು, ಅಳು ನಿಲ್ಲಲಿಲ್ಲ. ಪಕ್ಕದ ಮನೆಯಾಕೆ ಗಾಬರಿಯಿಂದ ಬಾಗಿಲು ಬಡಿದು ಒಳಗೆ ಬಂದೇಬಿಟ್ಟಳು. ಏನಾಯಿತ್ರೀ, ಕೂಸು ಅಷ್ಟು ಅಳುತ್ತಿದೆ, ಸಾಕು ಸುಮ್ಮನಿರು ಅಂತ ಒಂದು ಮಾತು ಹೇಳಬಾರದೇ ಎಂದು ಗದರಿದಳು.

ಸ್ಟೆನೋಮ್ಮ ಮಗಳ ಎರಡೂ ಕಿವಿಗಳನ್ನು ತನ್ನ ಅಂಗೈಗಳಿಂದ ಮುಚ್ಚಿ, ತಲೆಯನ್ನು ಎದೆಗೆ ಒತ್ತಿಕೊಂಡಳು.

“ಬೇಡ, ಯಾರೂ ಏನೂ ಹೇಳ್ಬೇಡಿ,” ಎಂದಳು. “ಅಳ್ಲಿ ಬಿಡಿ. ತಾನಾಗಿ ನಿಲ್ಲಿಸೋವರ್ಗೂ ಅಳ್ಲಿ.”